ರಾಜ್ಯವಿಲ್ಲದ ಅರ್ಥಶಾಸ್ತ್ರ

ಅಂತರರಾಷ್ಟ್ರೀಯ ರಾಜಕೀಯಾರ್ಥಶಾಸ್ತ್ರವೆಂಬ ವಿಷಯವು ವಿಶ್ವವಿದ್ಯಾನಿಲಯಗಳ ಪಾಠಕ್ರಮದಲ್ಲಿ ಸೇರಿ ಬಹುಕಾಲವಾಗಿಲ್ಲ. ರಾಷ್ಟ್ರಗಳ ಸಂಪತ್ತಿಗೂ ಅವುಗಳ ಅಧಿಕಾರಕ್ಕೂ ಇರುವ ಸಂಬಂಧವನ್ನು ವಿಚಾರಿಸುವುದೇ ಈ ಶಾಸ್ತ್ರದ ಪ್ರಯೋಜನವು. ಅರ್ಥಶಾಸ್ತ್ರಜ್ಞರು ರಾಜ್ಯವನ್ನು ಮರೆತಿದ್ದಾರೆ, ರಾಜನೀತಿಜ್ಞರು ಪೇಟೆಯನ್ನು ಮರೆತಿದ್ದಾರೆ ಎಂಬ ಆಕ್ಷೇಪವನ್ನು ಸೂಸನ್ ಸ್ಟ್ರೇಂಜ್ ಎಂಬ ಆಂಗ್ಲ ವಿದುಷಿಯು 1970ರಲ್ಲಿ ಬರೆದ ಒಂದು ಲೇಖನದಲ್ಲಿ ಎತ್ತಿದರು. ಆ ಮರೆವನ್ನು ಕಳೆಯುವುದಕ್ಕಾಗಿ ಹುಟ್ಟಿದ ಶಾಸ್ತ್ರವನ್ನು ಈಗ ಬೋಧಿಸುವ ಕ್ರಮವನ್ನು ನೋಡಿದರೆ, ಔಷಧವನ್ನು ಗೂಡಿನಲ್ಲಿಟ್ಟು ರೋಗಿಗೆ ಸೀಸೆಯ ಮೇಲಿನ ಚೀಟಿಯನ್ನು ಮಾತ್ರ ಬಾಯಿಪಾಠ ಮಾಡಿಸುತ್ತಿರುವಂತೆ ತೋರುವುದು.

ಪ್ರವೇಶಗ್ರಂಥಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಉದಾರವಾದ, ರಾಷ್ಟ್ರವಾದ, ಮಾರ್ಕ್ಸ್‌ವಾದ ಎಂದು ಮೂರು ಮತಗಳು. ಒಂದೊಂದಕ್ಕೂ ಆಚಾರ್ಯರ ಹೆಸರುಗಳು. ಆಚಾರ್ಯರ ಮುಂದೆ ಇಸವಿಗಳು. ರಾಬರ್ಟ್ ಗಿಲ್ಪಿನ್ನರು 1987ರ ತಮ್ಮ ಗ್ರಂಥದಲ್ಲಿ ಈ ವಿಭಾಗವನ್ನು ವಿಸ್ತರಿಸಿದ ಬಳಿಕ ಇದು ಪಂಚಾಂಗದ ಹಾಗೆ ಸ್ಥಿರವಾಗಿ ನಿಂತಿದೆ. ವಿದ್ಯಾರ್ಥಿಯು ಮತತ್ರಯವನ್ನು ಕಂಠಸ್ಥ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸಿ ತೇರ್ಗಡೆಯಾಗುವನು. ಯಾವ ವಸ್ತುವನ್ನು ಕುರಿತು ಈ ಮೂವರು ಜಗಳವಾಡುತ್ತಿರುವರೆಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಪಾಠಶಾಲೆಗಳ ಕ್ರಮವನ್ನು ಹಳೆಯದೆಂದು ಹಳಿಯುವವರು ತರ್ಕಸಂಗ್ರಹವನ್ನಾದರೂ ಒಮ್ಮೆ ತೆರೆದು ನೋಡಬಹುದು. ಬಾಲಕರಿಗಾಗಿ ಬರೆದ ಆ ಪುಸ್ತಕದಲ್ಲಿ ಮಂಗಳವು ಮುಗಿದೊಡನೆ ಅನ್ನಂಭಟ್ಟನು ಎಣಿಸುವುದು ಏಳು ಪದಾರ್ಥಗಳನ್ನು. ಮತಭೇದಗಳ ವಿಸ್ತಾರವನ್ನು ವ್ಯಾಖ್ಯಾನಗಳಿಗೆ ಬಿಟ್ಟಿದೆ. ಪದಾರ್ಥಜ್ಞಾನವಿಲ್ಲದವನಿಗೆ ಪೂರ್ವಪಕ್ಷವೂ ಒಂದೇ, ಸಿದ್ಧಾಂತವೂ ಒಂದೇ.

ಹಾಗಾದರೆ ಈ ಶಾಸ್ತ್ರದ ಪದಾರ್ಥಗಳು ಯಾವುವು? ಬಟ್ಟೆ, ದ್ರಾಕ್ಷಾಮದ್ಯ, ಕಾಫಿ, ನಾಣ್ಯ, ಸುಂಕ, ಒಡಂಬಡಿಕೆ. ಇವುಗಳಲ್ಲಿ ಮೊದಲಿನ ಎರಡನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಡೇವಿಡ್ ರಿಕಾರ್ಡೋ 1817ರಲ್ಲಿ ಕೊಟ್ಟ ಉದಾಹರಣೆಯಿದು: ವರ್ಷವೊಂದಕ್ಕೆ ಇಷ್ಟು ಬಟ್ಟೆಯನ್ನು ನೇಯಲು ಇಂಗ್ಲೆಂಡಿನಲ್ಲಿ 100 ಆಳುಗಳು ಬೇಕು, ಪೋರ್ಚುಗಲ್ಲಿನಲ್ಲಿ 90, ಇಷ್ಟು ಮದ್ಯವನ್ನು ತೆಗೆಯಲು ಅಲ್ಲಿ 120, ಇಲ್ಲಿ 80. ಪೋರ್ಚುಗಲ್ಲು ಎರಡರಲ್ಲಿಯೂ ಸಮರ್ಥವಾಗಿದ್ದರೂ ಮದ್ಯವನ್ನೇ ಮಾಡಿ ಮಾರಿ ಬಟ್ಟೆಯನ್ನು ಕೊಂಡರೆ ಇಬ್ಬರಿಗೂ ಲಾಭವು. ಲೆಕ್ಕದಲ್ಲಿ ದೋಷವಿಲ್ಲ, ಅದನ್ನು ಅಲ್ಲಗಳೆಯುವುದು ಹಠವಾದೀತು. ಆದರೆ ಪೋರ್ಚುಗಲ್ಲಿಗೆ ಮದ್ಯವೂ ಇಂಗ್ಲೆಂಡಿಗೆ ಬಟ್ಟೆಯೂ ಪಾಲಾಗಿ ಬಂದುದು ಲೆಕ್ಕದಿಂದಲೇ ಎಂದು ಹೇಳಿಕೊಡುವುದು ಮಾತ್ರ ಸತ್ಯವಲ್ಲ. ರಿಕಾರ್ಡೋ ಬರೆಯುವುದಕ್ಕೆ 114 ವರ್ಷಗಳ ಹಿಂದೆ, 1703ರಲ್ಲಿ, ಸ್ಪೇನಿನ ಸಿಂಹಾಸನಕ್ಕಾಗಿ ಯುದ್ಧವು ನಡೆಯುತ್ತಿದ್ದಾಗ, ಮೆಥ್ಯುಯೆನ್ ಎಂಬ ಆಂಗ್ಲ ರಾಯಭಾರಿಯು ಲಿಸ್ಬನ್ನಿನಲ್ಲಿ ಒಂದು ಒಡಂಬಡಿಕೆಯನ್ನು ಮಾಡಿಸಿದನು. ಇಂಗ್ಲೆಂಡಿನ ಉಣ್ಣೆಯ ಬಟ್ಟೆಗೆ ಪೋರ್ಚುಗಲ್ಲು ಬಾಗಿಲು ತೆರೆಯತಕ್ಕದ್ದು. ಪೋರ್ಚುಗಲ್ಲಿನ ಮದ್ಯಕ್ಕೆ ಇಂಗ್ಲೆಂಡಿನಲ್ಲಿ ಫ್ರಾನ್ಸಿನ ಮದ್ಯಕ್ಕಿಂತ ಮೂರನೆಯ ಒಂದು ಪಾಲು ಸುಂಕ ಕಡಿಮೆ. ಪೋರ್ಚುಗಲ್ಲಿಗೆ ಸಾಲದೆ ಬಂದ ಹಣವನ್ನು ಬ್ರೆಜಿಲಿನ ಚಿನ್ನವು ತುಂಬುತ್ತಿತ್ತು. ಸೈನ್ಯಸಹಾಯ, ವಸಾಹತು, ಸುಂಕ ಇವು ಮೂರೂ ಈ ಕಥೆಯಲ್ಲಿವೆ. ಪಾಠದಲ್ಲಿ ಮಾತ್ರ ಉಳಿದಿರುವುದು ಆಳುಗಳ ಲೆಕ್ಕ.

ದೂರದ ಪೋರ್ಚುಗಲ್ಲೇಕೆ, ಭಾರತದ ಹತ್ತಿಯ ಕಥೆಯೇ ಇದೆ. 1896ರಲ್ಲಿ ಹೊರಗಿನಿಂದ ಬರುವ ಬಟ್ಟೆಗೆ ಸರ್ಕಾರವು ನೂರಕ್ಕೆ ಮೂರೂವರೆ ಸುಂಕವನ್ನು ವಿಧಿಸಿತು. ಲ್ಯಾಂಕಶೈರಿನ ಗಿರಣಿಯವರಿಗೆ ನಷ್ಟವಾಗಬಾರದೆಂದು ಭಾರತದ ಗಿರಣಿಗಳ ಬಟ್ಟೆಯ ಮೇಲೆಯೂ ಅಷ್ಟೇ ತೆರಿಗೆಯನ್ನು ಹಾಕಿತು. ಇದಕ್ಕೆ ಮುಕ್ತವ್ಯಾಪಾರದ ನ್ಯಾಯವೆಂದು ಹೆಸರಿಟ್ಟರು. ಆ ತೆರಿಗೆಯ ವಸೂಲಿಯು ನಿಂತುದು 1925ರ ಡಿಸೆಂಬರಿನಲ್ಲಿ.

ಕಾಫಿಯ ವಿಚಾರವು ಇನ್ನೂ ಸಮೀಪದ್ದು. ಕೊಡಗು, ಚಿಕ್ಕಮಗಳೂರು, ಹಾಸನಗಳ ಮನೆಗಳಲ್ಲಿ ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಬೆಲೆಯು ಬೇಡಿಕೆ ಪೂರೈಕೆಗಳಿಂದ ನಿರ್ಣಯವಾಗುವುದೆಂದು ಮೊದಲ ಪಾಠದಲ್ಲಿಯೇ ಹೇಳುವರು. ಆದರೆ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಮೇರೆಗೆ ಯಾವ ದೇಶವು ಎಷ್ಟು ಕಾಫಿಯನ್ನು ಹೊರಕ್ಕೆ ಕಳುಹಬಹುದೆಂಬುದನ್ನು ಸದಸ್ಯರಾಷ್ಟ್ರಗಳು ಕೂಡಿ ಗೊತ್ತುಮಾಡಿದವು. ಮಾರುವವರು ಬೆಲೆಯನ್ನು ಏರಿಸಲು ಕೂಡುವುದು ಸಹಜ. ಕೊಳ್ಳುವವರಲ್ಲಿ ಅಗ್ರಗಣ್ಯವಾದ ಅಮೆರಿಕವು ತನ್ನ ಪ್ರಜೆಗಳೇ ಹೆಚ್ಚು ಬೆಲೆ ತೆರುವ ಈ ಏರ್ಪಾಟಿಗೆ ಏಕೆ ಕೈಜೋಡಿಸಿತು? 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಗಿತ್ತು. ಕಾಫಿಯ ಬೆಲೆ ಬಿದ್ದರೆ ಬ್ರೆಜಿಲು, ಕೊಲಂಬಿಯಾಗಳೂ ಅದೇ ದಾರಿ ಹಿಡಿದಾವೆಂಬ ಭಯವು ವಾಷಿಂಗ್ಟನ್ನನ್ನು ಹೊಕ್ಕಿತ್ತು. ಆ ಭಯವು ಇಳಿದಂತೆಲ್ಲ ಒಪ್ಪಂದದ ಮೇಲಿನ ಆಸಕ್ತಿಯೂ ಇಳಿಯಿತು. 1989ರ ಜುಲೈಯಲ್ಲಿ ಪಾಲಿನ ಕಟ್ಟಳೆಯು ಮುರಿದುಬಿದ್ದು, ತಡೆಹಿಡಿದಿದ್ದ ಕಾಫಿಯೆಲ್ಲ ಪೇಟೆಗೆ ನುಗ್ಗಿ ಬೆಲೆಯು ಕುಸಿಯಿತು. ಭಾರತದ ಕಾಫಿಗೆ ದೊಡ್ಡ ಗಿರಾಕಿಯಾಗಿದ್ದು ರೂಪಾಯಿಯ ಲೆಕ್ಕದಲ್ಲಿಯೇ ಕೊಳ್ಳುತ್ತಿದ್ದ ಸೋವಿಯೆಟ್ ಒಕ್ಕೂಟವು 1991ರ ಕೊನೆಯಲ್ಲಿ ಇಲ್ಲವೇ ಆಯಿತು. ಮಲೆನಾಡಿನ ಬೆಳೆಗಾರನು ಮಾಡಿದ ತಪ್ಪೇನು? ಅವನ ಗಿಡಗಳಲ್ಲಿ ಹೂವೂ ಹಣ್ಣೂ ಎಂದಿನಂತೆಯೇ ಇದ್ದವು.

ಇಷ್ಟರಿಂದ, ರಾಜ್ಯವು ಕೈಹಾಕಿದಲ್ಲೆಲ್ಲ ಮಂಗಳವೆಂದು ಯಾರಾದರೂ ತಿಳಿದರೆ ಅದೂ ಅವಿವೇಕವೇ. ಇದೇ ಬೆಳೆಗಾರನು 1940ರ ದಶಕದಿಂದ ಕಾಫಿ ಮಂಡಲಿಯ ಪೂಲಿಗೆ ಬೆಳೆಯನ್ನು ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ವರ್ಷಗಟ್ಟಲೆ ಕಾದವನು. ಮನೆಯ ಬಳಕೆಗೂ ಬಿತ್ತನೆಗೂ ಇಷ್ಟೆಂದು ಬಿಟ್ಟುದನ್ನುಳಿದು ಮಿಕ್ಕುದರ ಮೇಲೆ ಅವನಿಗೆ ಸ್ವಾತಂತ್ರ್ಯವಿರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಆ ಕಟ್ಟನ್ನು ಪೂರ್ತಿ ಬಿಚ್ಚಿದಾಗ ಸಂತೋಷಪಟ್ಟವರೇ ಹೆಚ್ಚು. ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮಬಿದ್ದು ಬೆಲೆಯು ಏರಿದುದೂ ಆ ಸಂತೋಷಕ್ಕೆ ಒಂದು ಕಾರಣವು. ಉದಾರವಾದಿಯು ಹೇಳುವುದರಲ್ಲಿ ಸತ್ಯವೆಷ್ಟೆಂಬುದನ್ನು ವಿದ್ಯಾರ್ಥಿಯು ಇಂಥ ಕಡೆಯಲ್ಲಿ ಕಾಣಬೇಕಲ್ಲದೆ, ಆ ವಾದದ ಲಕ್ಷಣವಾಕ್ಯದಲ್ಲಿ ಅಲ್ಲ.

ಪ್ರವೇಶದ ತರಗತಿಯಲ್ಲಿ ಇಷ್ಟು ಚರಿತ್ರೆಗೆ ಅವಕಾಶವೆಲ್ಲಿ, ಸರ್ವಮತಪರಿಚಯವಿಲ್ಲದೆ ಹೋದರೆ ಅಧ್ಯಾಪಕನ ಪಕ್ಷಪಾತವೇ ಪಾಠವಾಗುವುದಲ್ಲವೆ ಎಂದು ಕೆಲವರು ಆಕ್ಷೇಪಿಸುವರು. ಮೊದಲನೆಯದಕ್ಕೆ ಸಮಾಧಾನವು ಸುಲಭ: ಹನ್ನೆರಡು ವಸ್ತುಗಳು ಬೇಡ, ಒಂದು ಸಾಕು, ಅದನ್ನು ತೋಟದಿಂದ ಲಂಡನ್ನಿನ ಪೇಟೆಯವರೆಗೆ ಹಿಂಬಾಲಿಸಲಿ. ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಮೂರು ಮತಗಳನ್ನು ಸಮವಾಗಿ ತೂಗಿಟ್ಟ ಮಾತ್ರಕ್ಕೆ ಪಕ್ಷಪಾತವು ಹೋಗುವುದೆಂಬುದು ಭ್ರಮೆ. 1703ರ ಒಡಂಬಡಿಕೆಯನ್ನು ಬಿಟ್ಟು ರಿಕಾರ್ಡೋವನ್ನು ಓದಿಸುವುದಕ್ಕಿಂತ ದೊಡ್ಡ ಪಕ್ಷಪಾತವು ಯಾವುದು? ಯಾವ ಮತವನ್ನೂ ಸೇರದಂತೆ ಕಾಣುವುದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ.

1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಅಚ್ಚಿಗೆ ತಂದ ಕೌಟಿಲ್ಯನ ಗ್ರಂಥದಲ್ಲಿ, ಜನರಿಂದ ಕೂಡಿದ ಭೂಮಿಯನ್ನು ಪಡೆಯುವ ಮತ್ತು ಪಾಲಿಸುವ ಉಪಾಯವೇ ಅರ್ಥಶಾಸ್ತ್ರವೆಂಬ ಅರ್ಥದ ಮಾತುಂಟು. ಹೊಸ ಶಾಸ್ತ್ರವೆಲ್ಲ ಅವನಲ್ಲಿಯೇ ಇದೆಯೆಂದು ಕುಣಿಯುವುದು ಬೇಡ. ವಿನಿಮಯದ ದರವೂ ಪಾಲಿನ ಬಂಡವಾಳವೂ ಅವನಿಗೆ ಗೊತ್ತಿರಲಿಲ್ಲ. ಸುಂಕಾಧ್ಯಕ್ಷನನ್ನೂ ಸೇನಾಪತಿಯನ್ನೂ ಒಂದೇ ಹೊತ್ತಗೆಯಲ್ಲಿ ಕೂಡಿಸುವಷ್ಟು ವಿವೇಕವಂತೂ ಅವನಿಗಿತ್ತು.

ಮುಂದಿನ ಪರೀಕ್ಷೆಗೆ ಪ್ರಶ್ನೆಗಳನ್ನು ಬರೆಯುವ ವಿದ್ವಾಂಸರು ಮೂರು ವಾದಗಳನ್ನು ವಿವರಿಸಿರೆಂಬ ಹಳೆಯ ಪ್ರಶ್ನೆಯನ್ನು ಒಂದು ವರ್ಷ ಬದಿಗಿಡಲಿ. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಮುಖ್ಯ ನಿರ್ಣಯಗಳಿಗೆ ನೂರಕ್ಕೆ 85 ಮತಗಳು ಬೇಕಾಗಿದ್ದು, ಅಮೆರಿಕದ ಕೈಯಲ್ಲಿಯೇ 16ಕ್ಕೂ ಹೆಚ್ಚು ಇರುವುದರಿಂದ ಏನಾಗುವುದೆಂದು ಕೇಳಲಿ. 1993ರಲ್ಲಿ ಕಾಫಿ ಸಂಸ್ಥೆಯನ್ನು ಬಿಟ್ಟು, 2005ರಲ್ಲಿ ಮರಳಿ ಸೇರಿ, 2018ರಲ್ಲಿ ಪುನಃ ಹೊರಬಿದ್ದ ಅಮೆರಿಕವು ಆ ಬಿಡುವುದರಿಂದಲೂ ಸೇರುವುದರಿಂದಲೂ ಕಳೆದುಕೊಂಡುದೇನು, ಬೆಳೆಯುವ ದೇಶಗಳು ಕಳೆದುಕೊಂಡುದೇನು ಎಂದು ಕೇಳಲಿ. ಉತ್ತರವನ್ನು ಬರೆಯಲಾರದೆ ವಿದ್ಯಾರ್ಥಿಗಳು ಹೆಚ್ಚಾಗಿ ಅನುತ್ತೀರ್ಣರಾದರೆ, ಆ ವರ್ಷದ ಪಾಠವೇನು ನಡೆಯಿತೆಂಬುದನ್ನು ಅಧ್ಯಾಪಕರಿಂದ ವಿಚಾರಿಸಬಹುದು.