ಹಳೆಯ ಸ್ಪೋರ್ಟ್ಸ್ ಕಾರು: ಕೊಂಡ ಮೇಲೆ ತಿಳಿಯುವ ಸಂಗತಿಗಳು

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಸಂಗ್ರಹಿಸುವ ಹವ್ಯಾಸವು ವಾಣಿಜ್ಯ ಮತ್ತು ಕೈಗಾರಿಕಾ ವಲಯದವರಲ್ಲಿ ಹೊಸದೇನೂ ಅಲ್ಲ. ಕೆಲವರು ಅದನ್ನು ಅಭಿರುಚಿಯೆಂದು ಕರೆಯುತ್ತಾರೆ, ಕೆಲವರು ಹೂಡಿಕೆಯೆಂದು ಸಮರ್ಥಿಸಿಕೊಳ್ಳುತ್ತಾರೆ. ಕೊಳ್ಳುವ ಮುನ್ನ ಬೆಲೆಯನ್ನು ಚರ್ಚಿಸುತ್ತಾರೆ, ತುಕ್ಕನ್ನು ಪರೀಕ್ಷಿಸುತ್ತಾರೆ, ಇಂಜಿನ್ ಸಂಖ್ಯೆಯನ್ನು ದಾಖಲೆಯೊಡನೆ ಹೋಲಿಸಿ ನೋಡುತ್ತಾರೆ. ಆದರೆ ಈ ವಾಹನಗಳ ನಿಜವಾದ ಸ್ವಭಾವವು ಮಾರಾಟ ಪತ್ರಕ್ಕೆ ಸಹಿ ಬಿದ್ದು ತಿಂಗಳುಗಳೋ ವರ್ಷಗಳೋ ಕಳೆದ ಬಳಿಕವೇ ಒಂದೊಂದಾಗಿ ಹೊರಬೀಳುತ್ತದೆ. ಹೀಗೆ ತಡವಾಗಿ ತಿಳಿಯುವ ಸಂಗತಿಗಳನ್ನು ಮಾಲೀಕರು ಸಾಮಾನ್ಯವಾಗಿ ವಾಹನದ ವಿಚಿತ್ರಗಳೆಂದು ನಕ್ಕು ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವು ವಿಚಿತ್ರಗಳಲ್ಲ. ಪ್ರತಿಯೊಂದರ ಹಿಂದೆಯೂ ಒಬ್ಬ ತಯಾರಕನ ತೀರ್ಮಾನವಿದೆ, ಬಹುತೇಕ ಸಂದರ್ಭಗಳಲ್ಲಿ ಹಣಕಾಸಿನ ಕಾರಣವೂ ಇದೆ. ಯಂತ್ರಗಳನ್ನು ತಯಾರಿಸುವ ನಮ್ಮ ಸದಸ್ಯರಿಗೆ ಈ ವಿಷಯವು ಹವ್ಯಾಸಿಗಳಿಗಿಂತಲೂ ಹೆಚ್ಚು ಉಪಯುಕ್ತವೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಎಂ.ಜಿ. ಸಂಸ್ಥೆಯ ಟಿ.ಸಿ. ಮಾದರಿಯನ್ನೇ ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧ ಮುಗಿದೊಡನೆ, 1945ರಿಂದ 1949ರವರೆಗೆ ಆಬಿಂಗ್ಡನ್ ಪಟ್ಟಣದಲ್ಲಿ ಸುಮಾರು 10,000 ಸಂಖ್ಯೆಯಲ್ಲಿ ತಯಾರಾದ ಈ ಪುಟ್ಟ ವಾಹನವು ಅಮೆರಿಕದವರಿಗೆ ಸ್ಪೋರ್ಟ್ಸ್ ಕಾರಿನ ರುಚಿ ಹತ್ತಿಸಿತು. ಇದರ 1250 ಸಿ.ಸಿ. ಇಂಜಿನ್ನನ್ನು ಮೊದಲ ಬಾರಿಗೆ ಬಿಚ್ಚುವ ಮಾಲೀಕನಿಗೆ ಒಂದು ಅಚ್ಚರಿ ಕಾದಿರುತ್ತದೆ. ಬೋಲ್ಟುಗಳ ತಲೆಗೆ ಆಗಿನ ಬ್ರಿಟಿಷ್ ಅಳತೆಯಾದ ವಿಟ್‌ವರ್ತ್ ಸ್ಪ್ಯಾನರು ಸರಿಯಾಗಿ ಕೂರುತ್ತದೆ. ಆದುದರಿಂದ ಬೋಲ್ಟು ಬ್ರಿಟಿಷ್ ಅಳತೆಯದೇ ಎಂದು ಯಾರಾದರೂ ಭಾವಿಸುವುದು ಸಹಜ. ಆದರೆ ತಲೆಯ ಕೆಳಗಿನ ಥ್ರೆಡ್ ಮಾತ್ರ ಮೆಟ್ರಿಕ್! ಅದೂ ಇಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಲೀಸಾಗಿ ದೊರೆಯುವ 1.25 ಮಿ.ಮೀ. ಪಿಚ್ಚಿನ 8 ಮಿ.ಮೀ. ಬೋಲ್ಟಲ್ಲ, 1 ಮಿ.ಮೀ. ಪಿಚ್ಚಿನದು. ಅರಿಯದೆ ಅಂಗಡಿಯ ಬೋಲ್ಟನ್ನು ಬಲವಂತದಿಂದ ತಿರುಗಿಸಿದರೆ ಇಂಜಿನ್ ಬ್ಲಾಕಿನ ಥ್ರೆಡ್ಡೇ ಹಾಳಾಗುತ್ತದೆ. ಅದೇ ವಾಹನದ ಚಾಸಿಯಲ್ಲಿರುವ ಬೋಲ್ಟುಗಳು ಮತ್ತೆ ಬ್ರಿಟಿಷ್ ಥ್ರೆಡ್ಡಿನವು.

ಅಚ್ಚ ಇಂಗ್ಲಿಷ್ ಕಾರಿನೊಳಗೆ ಫ್ರೆಂಚ್ ಅಳತೆ ಬಂದುದಾದರೂ ಹೇಗೆ? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರಾನ್ಸಿನ ಶಸ್ತ್ರಾಸ್ತ್ರ ತಯಾರಿಕಾ ಸಂಸ್ಥೆಯು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಒಂದು ಕಾರ್ಖಾನೆಯನ್ನು ತೆರೆಯಿತು. ಯುದ್ಧ ಮುಗಿದ ಮೇಲೆ ಮದ್ದುಗುಂಡಿನ ಬೇಡಿಕೆ ಕುಸಿದಾಗ ಅದೇ ಯಂತ್ರಗಳಲ್ಲಿ ಮಾರಿಸ್ ಕಾರುಗಳಿಗೆ ಇಂಜಿನ್ ತಯಾರಿಸಲಾರಂಭಿಸಿತು. 1923ರಲ್ಲಿ ವಿಲಿಯಂ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡರು. ಯಂತ್ರೋಪಕರಣಗಳೆಲ್ಲ ಮೆಟ್ರಿಕ್ ಅಳತೆಯವು. ಅವನ್ನು ಬದಲಾಯಿಸುವುದೆಂದರೆ ದೊಡ್ಡ ವೆಚ್ಚ. ಬದಲಾಯಿಸದಿದ್ದರೆ ದೇಶದ ಯಾವ ಗ್ಯಾರೇಜಿನಲ್ಲಿಯೂ ಈ ಇಂಜಿನ್ನಿಗೆ ಸ್ಪ್ಯಾನರು ಇರದು. ಕೊನೆಗೆ ಕಂಡುಕೊಂಡ ಉಪಾಯವೆಂದರೆ ಥ್ರೆಡ್ಡನ್ನು ಯಂತ್ರಕ್ಕೆ ಒಪ್ಪುವಂತೆಯೂ ತಲೆಯನ್ನು ಗಿರಾಕಿಯ ಸ್ಪ್ಯಾನರಿಗೆ ಒಪ್ಪುವಂತೆಯೂ ಮಾಡುವುದು. ಆ ಕಾಲದ ಲೆಕ್ಕಪತ್ರದ ದೃಷ್ಟಿಯಿಂದ ಇದಕ್ಕಿಂತ ಜಾಣತನದ ತೀರ್ಮಾನವನ್ನು ನಾನು ಕಾಣೆ. ಬಂಡವಾಳ ವೆಚ್ಚ ಉಳಿಯಿತು, ಗಿರಾಕಿಗೂ ತೊಂದರೆಯಾಗಲಿಲ್ಲ. ಆದರೆ 1923ರಲ್ಲಿ ಉಳಿಸಿದ ಆ ವೆಚ್ಚವನ್ನು ಒಂದು ಶತಮಾನದ ನಂತರವೂ, ವಿಶೇಷವಾಗಿ ತಯಾರಿಸಿದ ಬೋಲ್ಟುಗಳ ರೂಪದಲ್ಲಿ, ಯಾರೋ ಒಬ್ಬ ಮಾಲೀಕನು ತೆರುತ್ತಲೇ ಇದ್ದಾನೆ. ಯಾವ ಆಸ್ತಿ-ಹೊಣೆ ಪಟ್ಟಿಯಲ್ಲಿಯೂ ಈ ಹೊಣೆ ಕಾಣಿಸಿಕೊಳ್ಳಲಿಲ್ಲ.

ಜರ್ಮನಿಯ ಪೋರ್ಶೆ 911ರದು ಬೇರೆ ಬಗೆಯ ಕಥೆ. ಗಾಳಿಯಿಂದ ತಂಪಾಗುವ ಹಳೆಯ 911ರಲ್ಲಿ ಇಂಜಿನ್ ಆಯಿಲ್ಲು ಇಂಜಿನ್ನಿನ ಕೆಳಗಿನ ತಟ್ಟೆಯಲ್ಲಿರದೆ ಪ್ರತ್ಯೇಕ ಟ್ಯಾಂಕಿನಲ್ಲಿರುತ್ತದೆ. ಇತರ ಕಾರುಗಳಂತೆ ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಅಳತೆಯ ಕಡ್ಡಿಯನ್ನು ಎತ್ತಿ ನೋಡಿದರೆ ಆಯಿಲ್ ಕಡಿಮೆಯಿರುವಂತೆ ಕಾಣುತ್ತದೆ. ಮಾಲೀಕನು ಗಾಬರಿಯಿಂದ ಒಂದೆರಡು ಲೀಟರ್ ಸುರಿಯುತ್ತಾನೆ, ಹೆಚ್ಚಾದ ಆಯಿಲ್ಲು ಬಿಸಿಯಾದ ಮೇಲೆ ಹೊಗೆಯಾಗಿ ಹೊರಬರುತ್ತದೆ. ಸರಿಯಾದ ಕ್ರಮವೆಂದರೆ ಇಂಜಿನ್ ಚೆನ್ನಾಗಿ ಕಾದ ಮೇಲೆ, ಸಮತಟ್ಟಾದ ನೆಲದಲ್ಲಿ, ಅದು ಓಡುತ್ತಿರುವಾಗಲೇ ಅಳತೆ ನೋಡುವುದು.

1972ರ ಮಾದರಿಯಲ್ಲಂತೂ ಸಂಸ್ಥೆಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಿಂಭಾಗದ ಭಾರವನ್ನು ಕೊಂಚ ಮುಂದಕ್ಕೆ ತರುವ ಉದ್ದೇಶದಿಂದ ಆಯಿಲ್ ಟ್ಯಾಂಕನ್ನು ಹಿಂದಿನ ಗಾಲಿಯ ಮುಂದಕ್ಕೆ ಸರಿಸಿ, ಬಲಬಾಗಿಲಿನ ಹಿಂದೆ ಹೊರಮೈಯಲ್ಲಿಯೇ ಒಂದು ಚಿಕ್ಕ ಮುಚ್ಚಳವನ್ನು ಇರಿಸಿದರು. ತಾಂತ್ರಿಕವಾಗಿ ಇದು ನಿರ್ದುಷ್ಟವಾದ ಯೋಜನೆಯೇ. ಆದರೆ ನೋಡುವವರ ಕಣ್ಣಿಗೆ ಅದು ಪೆಟ್ರೋಲ್ ತುಂಬುವ ಮುಚ್ಚಳದಂತೆಯೇ ಇತ್ತು, ನಿಜವಾದ ಪೆಟ್ರೋಲ್ ಮುಚ್ಚಳವು ಎಡಗಡೆಯ ಮುಂಭಾಗದಲ್ಲಿತ್ತು! ಬಂಕಿನ ಹುಡುಗರು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ತುಂಬಿದ ಪ್ರಸಂಗಗಳು ನಡೆದವು. ಒಂದೇ ವರ್ಷದಲ್ಲಿ ಆ ವ್ಯವಸ್ಥೆಯನ್ನು ಕೈಬಿಡಲಾಯಿತು. ಇಂದು ಅದೇ ಮುಚ್ಚಳವು ಆ ವರ್ಷದ ಕಾರನ್ನು ದೂರದಿಂದಲೇ ಗುರುತಿಸುವ ಲಕ್ಷಣವಾಗಿ, ಸಂಗ್ರಾಹಕರು ಅಕ್ಕರೆಯಿಂದ ಹುಡುಕುವ ವಸ್ತುವಾಗಿದೆ. ವಸ್ತುವನ್ನು ರೂಪಿಸುವವನು ಕೊಳ್ಳುವವನನ್ನು ನೆನೆದರೆ ಸಾಲದು, ಅದನ್ನು ದಿನನಿತ್ಯ ಮುಟ್ಟುವ ಮೂರನೆಯವನನ್ನೂ ನೆನೆಯಬೇಕು. ನಮ್ಮಲ್ಲಿ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಪ್ಯಾಕಿಂಗ್ ಯಂತ್ರಗಳನ್ನು ತಯಾರಿಸುವವರು ಈ ಮಾತನ್ನು ಒಪ್ಪುವರೆಂದು ನಂಬಿದ್ದೇನೆ. ಯಂತ್ರ ಕೊಳ್ಳುವವನು ಯಜಮಾನ, ಗುಂಡಿ ಒತ್ತುವವನು ಬೇರೊಬ್ಬ.

ಮರ್ಸಿಡಿಸ್ 300 ಎಸ್.ಎಲ್. ಕಾರನ್ನು ಅದರ ರೆಕ್ಕೆಯಂಥ ಬಾಗಿಲುಗಳಿಂದ ಎಲ್ಲರೂ ಬಲ್ಲರು. 1954ರಿಂದ 1957ರವರೆಗೆ ಕೇವಲ 1400 ಕಾರುಗಳಷ್ಟೇ ಈ ರೂಪದಲ್ಲಿ ತಯಾರಾದವು. ಬಾಗಿಲು ಮೇಲಕ್ಕೆ ತೆರೆಯುವುದು ಅಲಂಕಾರಕ್ಕಾಗಿ ಅಲ್ಲ. ಸಣ್ಣ ಕೊಳವೆಗಳನ್ನು ಬೆಸೆದು ಮಾಡಿದ ಹಗುರವಾದ ಚೌಕಟ್ಟು ಪಕ್ಕದಲ್ಲಿ ಸೊಂಟದೆತ್ತರಕ್ಕೆ ಬರುತ್ತಿದ್ದುದರಿಂದ ಸಾಮಾನ್ಯ ಬಾಗಿಲಿಗೆ ಅಲ್ಲಿ ಸ್ಥಳವೇ ಇರಲಿಲ್ಲ. ಒಳಗೆ ಕೂರಲು ಅನುಕೂಲವಾಗಲೆಂದು ಸ್ಟೀರಿಂಗ್ ಚಕ್ರವನ್ನು ಮಡಚುವಂತೆ ಮಾಡಿದರು. ಕಿಟಕಿಯ ಗಾಜನ್ನು ಇಳಿಸಲಾಗದು, ಬಿಚ್ಚಿ ತೆಗೆಯಬೇಕು. ಇವೆಲ್ಲ ಮೊದಲ ದಿನವೇ ತಿಳಿಯುತ್ತವೆ.

ತಡವಾಗಿ ತಿಳಿಯುವ ಸಂಗತಿ ಬೇರೆಯದು. ಇದರಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಪಂಪು ಯಾಂತ್ರಿಕವಾದುದು. ಕೀಲಿಯನ್ನು ಆರಿಸಿದ ಮೇಲೂ ಇಂಜಿನ್ ತಿರುಗುತ್ತ ನಿಲ್ಲುವವರೆಗೆ ಅದು ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತದೆ. ಉರಿಯದೆ ಉಳಿದ ಆ ಪೆಟ್ರೋಲ್ ಸಿಲಿಂಡರಿನ ಗೋಡೆಯನ್ನು ತೊಳೆದು ಆಯಿಲ್ಲಿನೊಡನೆ ಬೆರೆಯುತ್ತದೆ. ದೂರದ ಪ್ರಯಾಣದಲ್ಲಿ ಆಯಿಲ್ ಚೆನ್ನಾಗಿ ಕಾದು ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಆದರೆ ಬೆಲೆಬಾಳುವ ಕಾರೆಂದು ಶೆಡ್ಡಿನಲ್ಲಿಟ್ಟು, ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವ ಮಾಲೀಕನು ಕಾಪಾಡುತ್ತಿದ್ದೇನೆಂದು ತಿಳಿದು ಅದನ್ನು ಸವೆಸುತ್ತಿರುತ್ತಾನೆ. ಬಳಸದ ಆಸ್ತಿಗೆ ಸವಕಳಿಯಿಲ್ಲ ಎಂಬ ತಿಳಿವಳಿಕೆ ವ್ಯಾಪಾರಿಗಳಲ್ಲಿ ಸಾಮಾನ್ಯ. ಈ ಕಾರು ಅದನ್ನು ಸುಳ್ಳುಮಾಡುತ್ತದೆ.

ಸಣ್ಣಪುಟ್ಟ ಉದಾಹರಣೆಗಳಿಗೆ ಕೊನೆಯಿಲ್ಲ. ತಂತಿಯ ಕಡ್ಡಿಗಳ ಗಾಲಿಯಿರುವ ಬ್ರಿಟಿಷ್ ಕಾರುಗಳಲ್ಲಿ ಗಾಲಿಯನ್ನು ಹಿಡಿದಿರುವುದು ನಡುವಿನ ಒಂದೇ ದೊಡ್ಡ ನಟ್ಟು. ಎಡಬದಿಯ ನಟ್ಟು ಎಂದಿನಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾಗುತ್ತದೆ, ಬಲಬದಿಯದು ಅದಕ್ಕೆ ವಿರುದ್ಧವಾಗಿ. ಗಾಲಿ ಮುಂದಕ್ಕೆ ಉರುಳಿದಂತೆಲ್ಲ ನಟ್ಟು ತಾನಾಗಿ ಬಿಗಿಯಾಗಲೆಂಬುದೇ ಇದರ ಉದ್ದೇಶ. ದುರಸ್ತಿಯ ಸಮಯದಲ್ಲಿ ಎಡದ ಹಬ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಓಡುತ್ತ ಓಡುತ್ತ ನಟ್ಟು ಸಡಿಲಗೊಂಡು ಗಾಲಿಯೇ ಕಳಚೀತು. 1962ರಲ್ಲಿ ಬಂದ ಎಂ.ಜಿ.ಬಿ. ಮಾದರಿಯಲ್ಲಿ ಬಾನೆಟ್ ತೆರೆದು ಬ್ಯಾಟರಿಯನ್ನು ಹುಡುಕುವವರಿಗೆ ಅದು ಸಿಗುವುದಿಲ್ಲ. 6 ವೋಲ್ಟಿನ ಎರಡು ಬ್ಯಾಟರಿಗಳು ಆಸನಗಳ ಹಿಂದೆ, ನೆಲದ ಮುಚ್ಚಳದ ಕೆಳಗೆ ಅಡಗಿವೆ. 1967ರವರೆಗಿನ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ಲೋಹದ ಮೈಗೆ ಜೋಡಿಸಿದ್ದಾರೆ. ಇಂದಿನ ಕ್ರಮ ಇದಕ್ಕೆ ವಿರುದ್ಧ. ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಜಮೆ-ಖರ್ಚು ತಿರುವುಮುರುವಾಗಿ ಕಂಡ ವಿದ್ಯಾರ್ಥಿಯಂತೆ ಎಲೆಕ್ಟ್ರೀಶಿಯನ್ನನೂ ಇಲ್ಲಿ ತಬ್ಬಿಬ್ಬಾಗುತ್ತಾನೆ, ಹೊಸ ರೇಡಿಯೋ ಸುಟ್ಟುಹೋಗುತ್ತದೆ. ಲೋಟಸ್ ಎಲಾನ್ ಕಾರಿನಲ್ಲಿ ಹೆಡ್‌ಲೈಟುಗಳನ್ನು ಮೇಲೆತ್ತುವುದು ಇಂಜಿನ್ನಿನ ಹೀರುವಿಕೆಯ ಬಲ. ಆ ನಿರ್ವಾತವನ್ನು ಕೂಡಿಡುವ ಪಾತ್ರೆಯು ಚಾಸಿಯ ಮುಂದಿನ ಅಡ್ಡತೊಲೆಯೇ. ಆರಂಭದ ಮಾದರಿಗಳಲ್ಲಿ ರಾತ್ರಿ ಓಡುವಾಗ ದೀಪಗಳು ತೂಕಡಿಸಿ ಕೆಳಗಿಳಿಯತೊಡಗಿದರೆ, ದೋಷವು ದೀಪದಲ್ಲಿಯೇ ಇರಬೇಕೆಂದೇನಿಲ್ಲ. ಚಾಸಿಗೆ ತುಕ್ಕು ಹಿಡಿದು ತೂತುಬಿದ್ದಿರಬಹುದು!

ಇಷ್ಟೆಲ್ಲವನ್ನು ಹೇಳಿದ ಉದ್ದೇಶವನ್ನು ಸ್ಪಷ್ಟಪಡಿಸುತ್ತೇನೆ. ತಯಾರಕರು ಈ ತೀರ್ಮಾನಗಳನ್ನು ನಕ್ಷೆಯಲ್ಲಿ ತೋರಿಸಿದರು, ಕಾರಣಗಳನ್ನು ಮಾತ್ರ ಬಹಳಷ್ಟು ಸಲ ಕೆಲಸಗಾರರ ನೆನಪಿಗೆ ಬಿಟ್ಟರು. ಆಬಿಂಗ್ಡನ್ನಿನ ಎಂ.ಜಿ. ಕಾರ್ಖಾನೆಯು 1980ರಲ್ಲಿ ಮುಚ್ಚಿತು. ಐದು ಲಕ್ಷಕ್ಕೂ ಮಿಕ್ಕಿ ಎಂ.ಜಿ.ಬಿ. ಕಾರುಗಳು ಆಗಲೇ ತಯಾರಾಗಿದ್ದವು. ಬಹುಮಟ್ಟಿಗೆ ಅವುಗಳೆಲ್ಲಕ್ಕೂ ಇದ್ದ ಶತ್ರು ಒಂದೇ, ತುಕ್ಕು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯು ಹಳೆಯ ಪ್ರೆಸ್ ಡೈಗಳನ್ನು ಹುಡುಕಿ ಒಟ್ಟುಗೂಡಿಸಿ, 1988ರಿಂದ ಆ ಕಾರಿನ ಸಂಪೂರ್ಣ ಮೈಕಟ್ಟನ್ನು ಹೊಸದಾಗಿ ತಯಾರಿಸಿ ಮಾರಲಾರಂಭಿಸಿತು. ಬೇಡಿಕೆ ಎಷ್ಟಿತ್ತೆಂದರೆ ರೋವರ್ ಸಂಸ್ಥೆಯು ಅದೇ ಮೈಕಟ್ಟನ್ನು ಆಧರಿಸಿ 1992ರಲ್ಲಿ ಎಂ.ಜಿ. ಆರ್.ವಿ.8 ಎಂಬ ಹೊಸ ಕಾರನ್ನೇ ಹೊರತಂದಿತು. ತಯಾರಾದ ಸುಮಾರು 2000 ಕಾರುಗಳಲ್ಲಿ ಹೆಚ್ಚಿನವು ಜಪಾನಿಗೆ ಹೋದವು. ಆ ಡೈಗಳ ಪುಸ್ತಕ ಮೌಲ್ಯ ಆ ವೇಳೆಗೆ ಏನು ಉಳಿದಿರಬಹುದೆಂಬುದನ್ನು ಲೆಕ್ಕ ಬಲ್ಲ ಯಾರೂ ಊಹಿಸಬಹುದು. ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಹಳೆಯ ಡೈ, ಜಿಗ್, ನಕ್ಷೆಗಳು ಗುಜರಿಯ ಲಾರಿ ಏರುತ್ತವೆ. ಜಾಗದ ಬಾಡಿಗೆಯನ್ನು ಕಂಡರೆ ಅದು ಸರಿಯೆಂದೇ ತೋರುತ್ತದೆ. ಆದರೆ ಲಾರಿ ಏರಿಸುವ ಮುನ್ನ, ಆ ಡೈಯಿಂದ ತಯಾರಾದ ಬಿಡಿಭಾಗಗಳು ಇನ್ನೂ ಎಷ್ಟು ಯಂತ್ರಗಳಲ್ಲಿ ಓಡುತ್ತಿವೆ ಎಂದು ಒಮ್ಮೆ ಮಾರಾಟದ ಪುಸ್ತಕವನ್ನು ತಿರುವಿ ನೋಡುವುದಕ್ಕೆ ಅರ್ಧ ದಿನ ಸಾಕು.

ಇನ್ನು ಕಾರನ್ನು ಕೊಳ್ಳುವ ಸದಸ್ಯರ ವಿಷಯ. ಇಲ್ಲಿ ತಡವಾಗಿ ತಿಳಿಯುವ ಸಂಗತಿಗಳು ಯಂತ್ರದಲ್ಲಿ ಮಾತ್ರವಲ್ಲ, ಕಾನೂನಿನಲ್ಲಿಯೂ ಇವೆ. ವೈಯಕ್ತಿಕ ಬಳಕೆಯ ಚರವಸ್ತುಗಳು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯಲ್ಲ. ಆಭರಣ, ವರ್ಣಚಿತ್ರ, ಶಿಲ್ಪ ಮುಂತಾದವು ಇದಕ್ಕೆ ಅಪವಾದ. ಅಪವಾದಗಳ ಪಟ್ಟಿಯಲ್ಲಿ ಕಾರು ಇಲ್ಲದಿರುವುದರಿಂದ ಹಳೆಯ ಕಾರನ್ನು ಎಷ್ಟೇ ಲಾಭಕ್ಕೆ ಮಾರಿದರೂ ತೆರಿಗೆಯಿಲ್ಲವೆಂದು ಬಹುಮಂದಿ ಭಾವಿಸಿದ್ದಾರೆ. 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್ ಕಾರೊಂದನ್ನು 21 ಲಕ್ಷ ರೂಪಾಯಿಗೆ ಮಾರಿದವರೊಬ್ಬರ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 2025ರಲ್ಲಿ ಈ ಭಾವನೆಗೆ ಮಿತಿ ಹಾಕಿತು. ಕಾರು ವೈಯಕ್ತಿಕ ಬಳಕೆಗೆ ಯೋಗ್ಯವಾಗಿದೆ ಎಂದರೆ ಸಾಲದು, ಹಾಗೆ ಬಳಸಿದ್ದಕ್ಕೆ ಪುರಾವೆ ಬೇಕು ಎಂಬುದು ತೀರ್ಪಿನ ಸಾರ. ವಿವಾದವು 1992-93ರ ಕರನಿರ್ಧಾರಣ ವರ್ಷಕ್ಕೆ ಸಂಬಂಧಿಸಿದ್ದು ಎಂಬುದನ್ನೂ ಗಮನಿಸಬೇಕು.

ಇದರೊಡನೆ 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯನ್ನು ಇಟ್ಟು ನೋಡಿರಿ. 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ, ನವೀಕರಣಕ್ಕೆ 5,000 ರೂಪಾಯಿ. ಆದರೆ ಹಾಗೆ ನೋಂದಾಯಿತವಾದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ಬಳಸುವಂತಿಲ್ಲ. ಒಂದು ಕಾನೂನು ಬಳಸಿದ್ದನ್ನು ತೋರಿಸು ಎನ್ನುತ್ತದೆ, ಇನ್ನೊಂದು ನಿತ್ಯ ಬಳಸಬೇಡ ಎನ್ನುತ್ತದೆ. ಅಲ್ಲದೆ ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗಿರಬಾರದೆಂಬ ಷರತ್ತೂ ಇದೆ. ಮೇಲೆ ಹೇಳಿದ ಹೊಸ ಮೈಕಟ್ಟನ್ನು ಅಳವಡಿಸಿಕೊಂಡ ಕಾರಿನ ಗತಿಯೇನೆಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ರ್‍ಯಾಲಿಗಳಲ್ಲಿ ಭಾಗವಹಿಸಿದ ಪತ್ರ, ವಿಮೆಯ ಕಂತು, ಪೆಟ್ರೋಲ್ ಮತ್ತು ದುರಸ್ತಿಯ ಬಿಲ್ಲುಗಳನ್ನು ಮಾಲೀಕರು ತಮ್ಮ ಸ್ವಂತ ಖಾತೆಯಿಂದಲೇ ಪಾವತಿಸಿ, ಕಾರು ಮನೆಯಲ್ಲಿರುವವರೆಗೂ ಜೋಪಾನವಾಗಿಡುವುದು ಮೇಲು. ವೆಚ್ಚ ಸಿಗಲೆಂದು ಕಾರನ್ನು ಸಂಸ್ಥೆಯ ಪುಸ್ತಕಕ್ಕೆ ಸೇರಿಸುವವರೂ ಇದ್ದಾರೆ. ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ ಸಾಮಾನ್ಯವಾಗಿ ಜಿ.ಎಸ್.ಟಿ. ಹೂಡುವಳಿ ತೆರಿಗೆಯ ಜಮೆ ದೊರೆಯದು. ಒಮ್ಮೆ ಸವಕಳಿಯನ್ನು ಪಡೆದ ಕಾರನ್ನು ಮಾರುವ ದಿನ ಅದು ವೈಯಕ್ತಿಕ ವಸ್ತುವೆಂದು ವಾದಿಸಲು ಯಾವ ಲೆಕ್ಕಪರಿಶೋಧಕನಿಂದಲೂ ಆಗದು.