ಮೊದಲು ಬಂದದ್ದಕ್ಕಲ್ಲ, ಚೆನ್ನಾಗಿದೆ ಎಂದು ಕೇಳಿ

ಆಸಿಡ್ ಎಂದ ಕೂಡಲೇ ನಮಗೆ ನೆನಪಾಗುವುದು ಕೆಮಿಸ್ಟ್ರಿ ಲ್ಯಾಬು. ಸಂಗೀತದಲ್ಲೂ ಒಂದು ಆಸಿಡ್ ಇದೆ. ಆಸಿಡ್ ಹೌಸ್, ಆಸಿಡ್ ಟೆಕ್ನೋ, ಅದಕ್ಕಿಂತ ಬಿರುಸಿನ ಹಾರ್ಡ್‌ಕೋರ್ ಎಂದು ಅದರ ಮನೆತನ ದೊಡ್ಡದು. ಈ ಮನೆತನಕ್ಕೆ ಸೇರಬಹುದಾದ ಒಂದು ಗ್ರಾಮಫೋನ್ ಪ್ಲೇಟು ಮುಂಬೈಯಲ್ಲಿ ತಯಾರಾಯಿತು, ಅದೂ ಮನೆತನ ಹುಟ್ಟುವ ಮೊದಲೇ. ನಾನು ಬರೆಯಹೊರಟಿರುವುದು ಅದರ ಬಗ್ಗೆ.

ಮೊದಲು ಯಂತ್ರದ ವಿಷಯ. ಜಪಾನಿನ ರೋಲೆಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಗಿಟಾರ್ ನುಡಿಸುವವರು ಒಬ್ಬರೇ ಅಭ್ಯಾಸ ಮಾಡುವಾಗ ಬೇಸ್ ಗಿಟಾರಿನ ಜೊತೆ ಕೊಡಲಿ ಎಂದು ಮಾಡಿದ್ದು. ಆದರೆ ಅದರ ದನಿ ಬೇಸ್ ಗಿಟಾರಿನಂತೆ ಕೇಳಿಸಲೇ ಇಲ್ಲ. 1984ರ ಹೊತ್ತಿಗೆ ತಯಾರಿಕೆ ನಿಂತಿತು, ಉಳಿದವು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿದವು. ಷಿಕಾಗೋದ ‘ಫ್ಯೂಚರ್’ ಎಂಬ ಗುಂಪಿನ ಮೂವರು ಹುಡುಗರು ಅಂಥದ್ದೊಂದನ್ನು ತಂದು, ಅದು ನುಡಿಯುತ್ತಿರುವಾಗಲೇ ತಿರುಗಣೆಗಳನ್ನು ತಿರುಗಿಸತೊಡಗಿದರು. ಫಸ್ಟ್ ಪಿಯು ಫಿಸಿಕ್ಸಿನಲ್ಲಿ ಅನುರಣನದ ಪ್ರಯೋಗ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಫಿಲ್ಟರಿನ ಅನುರಣನ ಏರಿಸಿ ಅದರ ಮಿತಿಯನ್ನು ಮೇಲೆ ಕೆಳಗೆ ಸರಿಸಿದರೆ ಅದೇ ಸ್ವರ ಹಿಂಡಿದಂತೆ, ಚೀರಿದಂತೆ ಕೇಳುತ್ತದೆ. ಆ ಚೀರುವ ದನಿಯೇ ಆಸಿಡ್. ಡಿಜೆ ರಾನ್ ಹಾರ್ಡಿ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನಲ್ಲಿ ಅವರ ‘ಆಸಿಡ್ ಟ್ರ್ಯಾಕ್ಸ್’ ಹಾಕಿದಾಗ ಕುಣಿಯುತ್ತಿದ್ದವರು ಮೊದಲು ಜಾಗ ಖಾಲಿ ಮಾಡಿದರಂತೆ. ಅವನು ಬಿಡದೆ ಅದೇ ರಾತ್ರಿ ನಾಲ್ಕು ಸಲ ಹಾಕಿದ. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದರಂತೆ. ಪ್ಲೇಟು ಹೊರಬಂದದ್ದು 1987ರಲ್ಲಿ. ನಮ್ಮಲ್ಲಿ ‘ಪ್ರೇಮಲೋಕ’ ಬಂದದ್ದೂ ಅದೇ ವರ್ಷ.

ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಚರಣ್‌ಜಿತ್ ಸಿಂಗ್ ಎಂಬ ವಾದಕರು ಇದೇ 303 ಹಿಡಿದು ಮುಂಬೈಯ ಸ್ಟುಡಿಯೋದಲ್ಲಿ ಕುಳಿತಿದ್ದರು. ಹಿಂದಿ ಸಿನಿಮಾಗಳಿಗೆ, ಆರ್.ಡಿ. ಬರ್ಮನ್ ಮುಂತಾದವರ ವಾದ್ಯವೃಂದದಲ್ಲಿ, ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. ಅದು ಡಿಸ್ಕೋ ಕಾಲ. ತಬಲಾ ಬಿಟ್ಟು, ಡಿಸ್ಕೋ ತಾಳದ ಮೇಲೆ ರಾಗ ಕೂರಿಸಿದರೆ ಹೇಗೆ ಎಂದು ಅವರಿಗೆ ಅನ್ನಿಸಿತು. ತಾಳಕ್ಕೆ ಟಿಆರ್-808, ಕೆಳಗಿನ ಬೇಸಿಗೆ 303, ರಾಗಕ್ಕೆ ಜುಪಿಟರ್-8: ಮೂರೂ ರೋಲೆಂಡ್ ಯಂತ್ರಗಳೇ. ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಹೆಸರಿನಲ್ಲಿ ಪ್ಲೇಟು ಬಂತು, ಮಾರಾಟವಾಗಲಿಲ್ಲ, ಮರೆತೂ ಹೋಯಿತು. ಸುಮಾರು ಇಪ್ಪತ್ತು ವರ್ಷದ ಮೇಲೆ ನೆದರ್‌ಲೆಂಡ್ಸಿನ ಸಂಗ್ರಾಹಕರೊಬ್ಬರಿಗೆ ದೆಹಲಿಯಲ್ಲಿ ಅದರ ಪ್ರತಿ ಸಿಕ್ಕಿತು. 2010ರಲ್ಲಿ ಮರುಮುದ್ರಣವಾಯಿತು. ಎಪ್ಪತ್ತರ ಆಸುಪಾಸಿನಲ್ಲಿದ್ದ ಸಿಂಗ್ ಯೂರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು.

ಈಗ ನನ್ನ ತಕರಾರು. ಈ ಪ್ಲೇಟಿನ ಮಾತು ಬಂದಲ್ಲೆಲ್ಲ ಬರುವ ವಾಕ್ಯ ಒಂದೇ: ‘ಆಸಿಡ್ ಹೌಸ್ ಕಂಡುಹಿಡಿದದ್ದು ಭಾರತೀಯ!’ ಈ ಜಂಬ ನನಗೆ ಒಪ್ಪಿಗೆಯಿಲ್ಲ. ಷಿಕಾಗೋದವರು ಈ ಪ್ಲೇಟಿನಿಂದ ಕಲಿತರು ಎನ್ನಲು ಆಧಾರವಿಲ್ಲ, ಸಿಂಗ್ ಕೂಡ ಹೊಸ ಪಂಥ ಕಟ್ಟಲು ಹೊರಟವರಲ್ಲ. ಒಂದೇ ಯಂತ್ರ ಎರಡು ಊರಿನ ಕುತೂಹಲಿಗಳ ಕೈಗೆ ಸಿಕ್ಕಿತು, ಅಷ್ಟೆ. ರಿಸಲ್ಟ್ ಬಂದ ವಾರ ಕೊಪ್ಪ, ಎನ್.ಆರ್. ಪುರ ಎಲ್ಲ ಕಡೆ ಕಟ್ಟುವ ಫ್ಲೆಕ್ಸುಗಳಲ್ಲಿ ಮೊದಲು ಬಂದವರ ಫೋಟೋ ಮಾತ್ರ ಇರುತ್ತದಲ್ಲ, ಸಂಗೀತಕ್ಕೂ ಅದೇ ಅಳತೆ ಯಾಕೆ? ನಾಳೆ 1979ರ ಇನ್ನೊಂದು ಪ್ಲೇಟು ಸಿಕ್ಕಿದರೆ ಸಿಂಗ್ ಅವರ ಭೈರವ ಕೆಟ್ಟುಹೋಗುತ್ತದೆಯೇ?

ಕೇಳಿದರೆ ಸಾಕು, ಮೆಚ್ಚಲು ಬೇರೆ ಕಾರಣಗಳೇ ಸಿಗುತ್ತವೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ ಎಂಬುದು ಹಾರ್ಮೋನಿಯಮ್ಮಿನ ಮೇಲಿನ ಹಳೆಯ ದೂರು. ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ದೂರವೇ ಇಟ್ಟಿತ್ತು. ಸಿಂಗ್ ಅವರ ಕೀಬೋರ್ಡು ಜಾರುತ್ತದೆ, ಮೀಂಡ್ ಎಳೆಯುತ್ತದೆ. ಕೆಳಗೆ 303 ಹದಿನಾರು ಹೆಜ್ಜೆಯ ತುಣುಕನ್ನು ಸುತ್ತಿಸುತ್ತಿರುತ್ತದೆ. ತೀನ್‌ತಾಲಕ್ಕೂ ಹದಿನಾರೇ ಮಾತ್ರೆ. ಶೃಂಗೇರಿ ಕಡೆಯಿಂದ ಬರುವ, ಕರ್ನಾಟಕ ಸಂಗೀತ ಕಲಿಯುವ ಗೆಳತಿಯರು ಭೂಪಾಲಿಯಲ್ಲಿ ಮೋಹನವನ್ನು, ಮಾಲ್‌ಕೌನ್ಸಿನಲ್ಲಿ ಹಿಂದೋಳವನ್ನು ತಕ್ಷಣ ಗುರುತಿಸಿಯಾರು. ದಫ್ ಬಿಟ್ಟು ಬೇರೆ ವಾದ್ಯ ಇಲ್ಲದ ಮನೆಯವರಿಗೂ ಒಂದೇ ಪೆಟ್ಟು ಮರಳಿ ಮರಳಿ ಬಂದಾಗ ಮನಸ್ಸು ಹೇಗೆ ನಿಲ್ಲುತ್ತದೆ ಎಂಬುದು ಹೊಸದಲ್ಲ.

ಕೊರತೆಯೂ ಇದೆ. ಭೈರವ ಬೆಳಗಿನ ರಾಗ, ಮಾಲ್‌ಕೌನ್ಸ್ ನಡುರಾತ್ರಿಯದು. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಡ್ರಮ್ಮು ಬಡಿದರೆ ಹೊತ್ತಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಹತ್ತನ್ನೂ ಒಂದೇ ಉಸಿರಿಗೆ ಕೇಳಿದರೆ ಏಳನೆಯದರ ಹೊತ್ತಿಗೆ ಆಯಾಸವಾಗುವುದು ಸುಳ್ಳಲ್ಲ.

ವಾರ್ಷಿಕೋತ್ಸವ ಹತ್ತಿರವಾದಾಗಲೆಲ್ಲ ‘ಡಿಜೆ ಉಂಟಾ?’ ಎಂಬ ಪ್ರಶ್ನೆ, ‘ಇಲ್ಲ’ ಎಂಬ ಉತ್ತರ. ನಮ್ಮ ಊರುಗಳಲ್ಲಿ ಡಿಜೆ ಎಂದರೆ ಲಾರಿ ತುಂಬ ಸ್ಪೀಕರು, ಅದುರುವ ಕಿಟಕಿ. ಅದಕ್ಕೆ ಬೇಡ ಎನ್ನುವ ಹಿರಿಯರ ಜೊತೆ ನಾನೂ ಇದ್ದೇನೆ. ಆದರೆ ಯಂತ್ರದ ಸಂಗೀತವೇ ಗಲಾಟೆ ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ಹಾಗೆಯೇ, ಜೋರಾಗಿ ಹಾಕಿದರೆ ಮಾತ್ರ ಮಜಾ ಎನ್ನುವ ಗೆಳೆಯರ ಮಾತನ್ನೂ ಒಪ್ಪುವುದಿಲ್ಲ. ಈ ಪ್ಲೇಟು ಸಣ್ಣ ದನಿಯಲ್ಲೂ ಚೆನ್ನಾಗಿ ಕೇಳುತ್ತದೆ.

ಮೂಲ ಪ್ಲೇಟು ಈಗ ಅಪರೂಪ, ದುಬಾರಿ ಕೂಡ. ಮೊಬೈಲಿನಲ್ಲೇ ಕೇಳಬಹುದು, ಆದರೆ ಇಯರ್‌ಫೋನ್ ಬೇಕು; ಫೋನಿನ ಪುಟ್ಟ ಸ್ಪೀಕರು ಬೇಸನ್ನು ನುಂಗಿಬಿಡುತ್ತದೆ. ಒಂದೊಂದು ರಾಗಕ್ಕೆ ಸುಮಾರು ಐದು ನಿಮಿಷ. ದಿನಕ್ಕೆ ಎರಡರಂತೆ ಕೇಳಿ. ಮೇಘ ಮಲ್ಹಾರ್ ಅನ್ನು ಮಾತ್ರ ಮಳೆ ಸ್ವಲ್ಪ ಹೊಳವಾಗುವ ತನಕ ಇಟ್ಟುಕೊಳ್ಳಿ, ಜುಲೈ ತಿಂಗಳಲ್ಲಿ ನಮ್ಮ ತಗಡಿನ ಮಾಡಿನ ಕೆಳಗೆ ಯಾವ ಯಂತ್ರವೂ ಕೇಳಿಸುವುದಿಲ್ಲ.