ದೀಪವೂ ತಕ್ಕಡಿಯೂ

ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಸೈಕಲ್ಲಿಗೆ ಡೈನಮೋ ದೀಪವಿತ್ತು. ಹಿಂದಿನ ಚಕ್ರದ ಟೈರಿಗೆ ತಾಗಿಕೊಂಡು ಅದು ಗುಂಯ್‌ಗುಡುತ್ತ ತಿರುಗುತ್ತಿದ್ದಿತು. ತುಳಿದಷ್ಟು ಬೆಳಕು, ನಿಂತರೆ ಕತ್ತಲೆ. ಏರಿನಲ್ಲಿ ಮಂಕಾಗಿ, ಇಳಿಜಾರಿನಲ್ಲಿ ಪ್ರಜ್ವಲಿಸುವ ಆ ದೀಪಕ್ಕೆ ಒಂದು ದೊಡ್ಡ ಗುಣವಿದ್ದಿತು. ಅದು ಎಂದೂ ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕಾಲಿನ ಬಲವೆಷ್ಟೋ ಅದರ ಬೆಳಕೂ ಅಷ್ಟೇ.

ಈಗಿನ ದೀಪಗಳ ಸಂಗತಿ ಬೇರೆ. ನಮ್ಮ ಮಗನ ಸೈಕಲ್ಲಿಗಿರುವುದು ಎಲ್‌ಇಡಿ ದೀಪ. ಅದರ ಬ್ಯಾಟರಿ ದೀಪದೊಳಗಿಲ್ಲ. ಪುಟ್ಟ ಬಟ್ಟೆಯ ಚೀಲವೊಂದರಲ್ಲಿ ಕುಳಿತು, ಸೈಕಲ್ಲಿನ ಅಡ್ಡಪಟ್ಟಿಗೆ ಜೋತುಬಿದ್ದು, ತಂತಿಯ ಮೂಲಕ ದೀಪಕ್ಕೆ ಆಹಾರ ಕಳುಹಿಸುತ್ತದೆ. ಕೊಂಡ ಹೊಸದರಲ್ಲಿ ಮೂರು ಗಂಟೆ ಉರಿಯುತ್ತಿದ್ದ ದೀಪ, ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಒಂದು ಗಂಟೆಗೆ ಇಳಿಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಲಿಥಿಯಂ ಬ್ಯಾಟರಿಗೂ ಆಯುಸ್ಸೆಂಬುದೊಂದಿದೆ. ಕೆಲವು ನೂರು ಬಾರಿ ತುಂಬಿ ಬರಿದಾದ ಮೇಲೆ ಅದರ ಹೊಟ್ಟೆ ಕುಗ್ಗುತ್ತದೆ.

ಹೊಸ ಬ್ಯಾಟರಿಯನ್ನು ತರಿಸುವ ಭಾರ ನನ್ನ ಮೇಲೆ ಬಿತ್ತು. ಫೋನಿನಲ್ಲಿ ಹುಡುಕಿದಾಗ ಒಂದರ ಮೇಲೆ 4400 ಎಂದೂ, ಅದರ ಅರ್ಧ ಬೆಲೆಯ ಇನ್ನೊಂದರ ಮೇಲೆ 8800 ಎಂದೂ ಅಚ್ಚಾಗಿದ್ದಿತು. ಅರ್ಧ ಬೆಲೆಗೆ ಎರಡು ಪಟ್ಟು ಶಕ್ತಿ! ಸಂಸಾರಸ್ಥನಾದವನು ಯಾವುದನ್ನು ಆರಿಸುವನೆಂದು ವಾಚಕರಿಗೆ ಹೇಳಬೇಕಾದುದಿಲ್ಲ. "ಅಪ್ಪಾ, ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ?" ಎಂದು ಮಗ ಅನುಮಾನಪಟ್ಟನು. "ವ್ಯಾಪಾರ ನಿನಗೆ ತಿಳಿಯದು, ಸುಮ್ಮನಿರು" ಎಂದು ನಾನು ಅವನ ಬಾಯಿ ಮುಚ್ಚಿಸಿದೆನು.

ಅದು ಬಂದ ಮೂರನೆಯ ದಿನ, ಹುಡುಗನು ರಾತ್ರಿ ಪಾಠ ಮುಗಿಸಿಕೊಂಡು ಕೆರೆಯ ಪಕ್ಕದ ರಸ್ತೆಯಲ್ಲಿ ಬರುತ್ತಿದ್ದಾಗ ದೀಪವು ಯಾವ ಸೂಚನೆಯನ್ನೂ ಕೊಡದೆ ಫಕ್ಕನೆ ಆರಿಹೋಯಿತು. ಹೊರಟು ಐವತ್ತು ನಿಮಿಷವೂ ಆಗಿರಲಿಲ್ಲ. ರಸ್ತೆಯ ಬದಿಯಲ್ಲಿ ಸುರಿದಿದ್ದ ಜಲ್ಲಿಯ ರಾಶಿಗೆ ಸೈಕಲ್ ನುಗ್ಗಿ ಅವನು ಉರುಳಿದನು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕನು ಜಾಗರೂಕನಾಗಿದ್ದುದು ನಮ್ಮ ಪುಣ್ಯ. ಮೊಣಕೈಯ ಚರ್ಮ ಕಿತ್ತುಹೋದುದರಲ್ಲಿಯೇ ಎಲ್ಲವೂ ಮುಗಿಯಿತು.

ಮಗನ ಗಾಯಕ್ಕೆ ಔಷಧಿ ಹಚ್ಚಿದ ಮೇಲೆ ನನ್ನ ಮನೆಯಾಕೆ ಆ ಹೊಸ ಬ್ಯಾಟರಿಯನ್ನು ಕೈಗೆತ್ತಿಕೊಂಡಳು. ಒಮ್ಮೆ ಮೇಲಕ್ಕೆ ಕೆಳಕ್ಕೆ ಆಡಿಸಿ, "ಇದೇನು, ಬೆಂಡಿನ ಹಾಗಿದೆ?" ಎಂದಳು. ಸೀದಾ ಅಡಿಗೆಮನೆಗೆ ಹೋಗಿ, ಹಬ್ಬಕ್ಕೆ ಸಕ್ಕರೆ ತುಪ್ಪ ತೂಗುವ ಪುಟ್ಟ ತಕ್ಕಡಿಯನ್ನು ತಂದು ಮೇಜಿನ ಮೇಲಿಟ್ಟಳು. ಹಳೆಯ ಬ್ಯಾಟರಿ 208 ಗ್ರಾಂ ತೂಗಿತು. ಹೊಸದು 146 ಗ್ರಾಂ. "ಹೆಚ್ಚು ತುಂಬಿದೆಯೆಂದು ಬರೆದದ್ದು ಕಡಿಮೆ ತೂಗುವುದು ಹೇಗೆ? ಬದನೆಕಾಯಿ ಕೊಳ್ಳುವಾಗಲೂ ನಾನು ಇಷ್ಟು ನೋಡುತ್ತೇನೆ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಗದ್ದಲ ಕೇಳಿ ಪಕ್ಕದ ಮನೆಯ ನಿವೃತ್ತ ಇಂಜಿನಿಯರರು ಬಂದರು. ತಕ್ಕಡಿಯನ್ನು ನೋಡಿ ಅವರ ಮುಖ ಅರಳಿತು. "ನೋಡಿ ಸ್ವಾಮಿ, ನಿಮ್ಮ ಮನೆಯವರು ಮಾಡಿದ್ದೇ ಸರಿಯಾದ ಪರೀಕ್ಷೆ" ಎಂದು ಆರಂಭಿಸಿದರು. ಅವರಿಂದ ಆ ರಾತ್ರಿ ನಾನು ಕಲಿತುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಈ ಬಗೆಯ ಬ್ಯಾಟರಿಯ ಒಳಗೆ ಸಾಮಾನ್ಯವಾಗಿ ನಾಲ್ಕು ಸೆಲ್ಲುಗಳಿರುತ್ತವೆ. ಅವುಗಳನ್ನು 18650 ಎಂಬ ಹೆಸರಿನಿಂದ ಕರೆಯುವರು. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದ ಎಂಬುದಷ್ಟೇ ಆ ಹೆಸರಿನ ಅರ್ಥ. ಒಂದೊಂದರ ವೋಲ್ಟೇಜು ಸುಮಾರು 3.7, ಪೂರ್ತಿ ತುಂಬಿದಾಗ 4.2. ಎರಡನ್ನು ಸಾಲಾಗಿ ಜೋಡಿಸಿದರೆ ವೋಲ್ಟೇಜು 7.4 ಆಗುತ್ತದೆ. ಅಂಥ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ವೋಲ್ಟೇಜು ಹೆಚ್ಚದು, ದೀಪ ಉರಿಯುವ ಕಾಲ ಹೆಚ್ಚುತ್ತದೆ. ಮನೆಯ ತಾರಸಿಯ ನೀರಿನ ಟ್ಯಾಂಕನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಟ್ಯಾಂಕನ್ನು ಎತ್ತರಕ್ಕೇರಿಸಿದರೆ ನಲ್ಲಿಯ ನೀರು ರಭಸವಾಗಿ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ಟ್ಯಾಂಕನ್ನಿಟ್ಟರೆ ರಭಸ ಅಷ್ಟೇ, ಆದರೆ ನೀರು ಹೆಚ್ಚು ಹೊತ್ತು ಬರುತ್ತದೆ.

ಸುಳ್ಳು ಹುಟ್ಟುವುದು ಇಲ್ಲಿಯೇ. ಒಂದು ಸೆಲ್ಲಿನ ಶಕ್ತಿ 2200 ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. ಮೇಲೆ ಹೇಳಿದಂತೆ ಜೋಡಿಸಿದ ನಾಲ್ಕು ಸೆಲ್ಲುಗಳ ಬ್ಯಾಟರಿಯಲ್ಲಿ ಲೆಕ್ಕಕ್ಕೆ ಬರುವುದು ಎರಡರಷ್ಟು ಮಾತ್ರ, ಅಂದರೆ 4400. ಕೆಲವು ವ್ಯಾಪಾರಿಗಳು ನಾಲ್ಕನ್ನೂ ಕೂಡಿಸಿ 8800 ಎಂದು ಅಚ್ಚುಹಾಕಿಬಿಡುವರು. ಈ ಅಳತೆಯ ಒಳ್ಳೆಯ ಸೆಲ್ಲುಗಳ ಶಕ್ತಿ ಸಾಮಾನ್ಯವಾಗಿ 2000ದಿಂದ 3500ರವರೆಗೆ ಇರುತ್ತದೆ. ಒಂದೇ ಸೆಲ್ಲಿನ ಮೇಲೆ 6000 ಎಂದೋ 9900 ಎಂದೋ ಬರೆದಿದ್ದರೆ, ಅಂಥದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಕ್ಷೇಮ. ಇನ್ನು ತೂಕದ ಮಾತು. ಒಳ್ಳೆಯ 18650 ಸೆಲ್ಲು 45 ಗ್ರಾಮಿನ ಆಸುಪಾಸಿನಲ್ಲಿ ತೂಗುತ್ತದೆ. ನಾಲ್ಕು ಸೆಲ್ಲು, ತಂತಿ, ಹೊದಿಕೆ ಎಲ್ಲ ಸೇರಿ ಇನ್ನೂರು ಗ್ರಾಮಿನ ಸುತ್ತಮುತ್ತ ಬರಬೇಕು. ಅದಕ್ಕಿಂತ ತೀರ ಕಡಿಮೆ ತೂಗಿದರೆ ಒಳಗೆ ಇರಬೇಕಾದದ್ದು ಇಲ್ಲವೆಂದೇ ತಿಳಿಯಬೇಕು.

ದೀಪ ಎಷ್ಟು ಹೊತ್ತು ಉರಿಯುವುದೆಂಬ ಲೆಕ್ಕವೂ ಕಷ್ಟದ್ದಲ್ಲ. 4400 ಎಂದರೆ 4.4 ಆಂಪಿಯರ್-ಗಂಟೆ. ಇದನ್ನು 7.4ರಿಂದ ಗುಣಿಸಿದರೆ ಸುಮಾರು 32 ವಾಟ್-ಗಂಟೆ. ಹತ್ತು ವಾಟಿನ ದೀಪಕ್ಕೆ ಇದರಿಂದ ಮೂರು ಗಂಟೆಯ ಬೆಳಕು. ಎರಡು ಬ್ಯಾಟರಿಗಳನ್ನು ಹೋಲಿಸುವಾಗ ಈ ವಾಟ್-ಗಂಟೆಯನ್ನೇ ಹೋಲಿಸತಕ್ಕದ್ದು.

ಇಷ್ಟಕ್ಕೆ ಮೊದಲು ಹಳೆಯ ಬ್ಯಾಟರಿಯೇ ಅಪರಾಧಿಯೆಂದು ಖಚಿತಪಡಿಸಿಕೊಳ್ಳಬೇಕು. ಮಳೆಯಲ್ಲಿ ನೆಂದು ಕಿಲುಬು ಹಿಡಿದ ಪ್ಲಗ್ಗು, ಸಡಿಲವಾದ ತಂತಿ, ಕೆಟ್ಟ ಚಾರ್ಜರು, ಇವುಗಳಿಂದಲೂ ದೀಪ ಬೇಗ ಆರಬಹುದು. ಬ್ಯಾಟರಿ ದೀಪದೊಳಗೇ ಮುಚ್ಚಿಹೋಗಿದ್ದರೆ ಚಾಕು ಹಾಕಿ ಬಿಡಿಸುವ ಸಾಹಸ ಬೇಡ. ತಯಾರಿಸಿದವರಿಂದಲೋ ಬಲ್ಲ ಕೆಲಸಗಾರರಿಂದಲೋ ಬದಲಾಯಿಸಿಕೊಳ್ಳುವುದು ಲೇಸು.

ಹೊಸದನ್ನು ಆರಿಸುವಾಗ ವೋಲ್ಟೇಜು ಹಳೆಯದರಷ್ಟೇ ಇರಬೇಕು. ಹೆಚ್ಚಾದರೆ ದೀಪ ಸುಟ್ಟುಹೋದೀತು. ಪ್ಲಗ್ಗು ಹೊಂದಿತೆಂದ ಮಾತ್ರಕ್ಕೆ ಬ್ಯಾಟರಿ ಹೊಂದಿತೆಂದು ಭಾವಿಸಬಾರದು. ಪ್ಲಗ್ಗಿನ ನಡುವೆ ಧನವೋ ಋಣವೋ ಎಂಬುದನ್ನು ಹಳೆಯದರೊಡನೆ ತಾಳೆ ನೋಡಬೇಕು. ಒಳಗೆ ರಕ್ಷಣಾ ಮಂಡಲವಿದೆಯೇ ಎಂದು ಕೇಳಬೇಕು. ಬ್ಯಾಟರಿ ಮಿತಿಮೀರಿ ತುಂಬದಂತೆಯೂ, ತೀರ ಬರಿದಾಗದಂತೆಯೂ, ತಂತಿಗಳು ಒಂದಕ್ಕೊಂದು ತಾಗಿದರೆ ಬೆಂಕಿಯೇಳದಂತೆಯೂ ಕಾಯುವ ಕಾವಲುಗಾರ ಅದು. ಭಾರತೀಯ ಮಾನಕ ಬ್ಯೂರೋದ ಗುರುತು, ನೋಂದಣಿ ಸಂಖ್ಯೆ ಹಾಗೂ ಐ.ಎಸ್. 16046 ಎಂಬ ಮಾನಕದ ಹೆಸರು ಹೊದಿಕೆಯ ಮೇಲಿವೆಯೇ ಎಂದೂ ನೋಡುವುದು ಒಳ್ಳೆಯದು.

ಚಾರ್ಜರಿನ ವಿಷಯದಲ್ಲಿ ಉಳಿತಾಯದ ಬುದ್ಧಿ ಸಲ್ಲದು. 7.4 ವೋಲ್ಟಿನ ಲಿಥಿಯಂ ಬ್ಯಾಟರಿಗೆ 8.4 ವೋಲ್ಟಿಗೆ ನಿಲ್ಲುವ ಚಾರ್ಜರೇ ಬೇಕು. ಮೂರು ಸೆಲ್ಲುಗಳ ಸಾಲಿಗೆ ಮಾಡಿದ 12.6 ವೋಲ್ಟಿನದೂ, ನಿಕ್ಕಲ್ ಬ್ಯಾಟರಿಗೆಂದು ಮಾಡಿದ ಹಳೆಯದೂ ಇದಕ್ಕೆ ಆಗದು. ಅವುಗಳಿಂದ ಬೆಂಕಿಯ ಅಪಾಯವೇ ಉಂಟು. ಹಾಸಿಗೆಯ ಮೇಲೆ, ಬಾಗಿಲ ದಾರಿಯಲ್ಲಿ, ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕಬಾರದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಬಹುಕಾಲ ಬಳಸದಿದ್ದರೆ ಅರ್ಧ ತುಂಬಿಸಿ ತಂಪಾದ ಕಡೆ ಇಡಬೇಕು. ಊದಿದ, ಜಜ್ಜಿದ, ವಿಚಿತ್ರವಾದ ವಾಸನೆ ಬರುವ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಲೇಬಾರದು. ಹಳೆಯದನ್ನು ಮನೆಯ ಕಸದೊಡನೆ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಬೇರೆಯಾಗಿಟ್ಟು ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು.

ಇಷ್ಟೆಲ್ಲ ಕೇಳಿದ ಮೇಲೆ ಮರುವಾರ 4400ರ ಬ್ಯಾಟರಿಯನ್ನೇ ತರಿಸಿದೆವು. ಪೆಟ್ಟಿಗೆ ಒಡೆದೊಡನೆ ಅದು ಮೊದಲು ಹೋದದ್ದು ತಕ್ಕಡಿಗೆ. 212 ಗ್ರಾಂ! ಆದರೂ ನನ್ನ ಮನೆಯಾಕೆಗೆ ಸಮಾಧಾನವಾಗಲಿಲ್ಲ. ಪೂರ್ತಿ ತುಂಬಿಸಿ, ಕೋಣೆಯಲ್ಲಿ ದೀಪವನ್ನು ಹೊತ್ತಿಸಿ, ಅದು ಕಾಯದಂತೆ ಎದುರಿಗೆ ಫ್ಯಾನಿಟ್ಟು, ಗಡಿಯಾರ ನೋಡುತ್ತ ಕುಳಿತೆವು. ಎರಡು ಗಂಟೆ ಐವತ್ತು ನಿಮಿಷ ಉರಿಯಿತು. ಈ ಪರೀಕ್ಷೆಯನ್ನು ರಸ್ತೆಯಲ್ಲಿ ಮಾಡುವ ಬದಲು ಮನೆಯಲ್ಲಿಯೇ ಮಾಡಬೇಕೆಂಬ ಬುದ್ಧಿ ಒಂದು ವಾರ ಮೊದಲೇ ಬಂದಿದ್ದರೆ ಹುಡುಗನ ಮೊಣಕೈ ಉಳಿಯುತ್ತಿತ್ತು. ಒಂದೇ ಬ್ಯಾಟರಿಯನ್ನು ನಂಬಬಾರದೆಂದು, ತನ್ನದೇ ಸೆಲ್ಲುಳ್ಳ ಪುಟ್ಟ ದೀಪವೊಂದನ್ನೂ ಸೈಕಲ್ಲಿಗೆ ಕಟ್ಟಿದ್ದೇವೆ.

ನಾನು ಆ ದೀಪಕ್ಕಾಗಿ ಉಳಿಸಲು ಹೊರಟದ್ದು ಕೆಲವು ನೂರು ರೂಪಾಯಿ. ಅದಕ್ಕೆ ಪಣವಾಗಿಟ್ಟದ್ದು ಏನನ್ನೆಂಬುದು ಆ ರಾತ್ರಿ ಬಸ್ಸಿನ ಮಾತು ಕೇಳಿದ ಮೇಲೆ ತಿಳಿಯಿತು. ಈಗ ರಾತ್ರಿ ಎಂಟೂವರೆಗೆ ಮನೆಯಾಕೆ ಗೇಟಿನ ಬಳಿ ನಿಲ್ಲುತ್ತಾಳೆ. ರಸ್ತೆಯ ತಿರುವಿನಲ್ಲಿ ಬೆಳಕು ಕಂಡೊಡನೆ ಒಳಗೆ ಹೋಗಿ ತಟ್ಟೆ ಹಾಕುತ್ತಾಳೆ. ಇಷ್ಟರ ಮೇಲೆ ನಮ್ಮ ಮನೆಯಲ್ಲಿ ವ್ಯಾಪಾರದ ಮಾತು ಬಂದಾಗಲೆಲ್ಲ, ಬಾಯಿ ಮುಚ್ಚಿಕೊಳ್ಳುವ ಸರದಿ ನನ್ನದು.